ಬೂಸ್ಟ್ ಏರಿಸುವ ಮುಂಚೆ: ಅಳಿಯನಿಗೆ ಮಾವನ ಕಿವಿಮಾತು

ಮಗಾ,

ಶಾರ್ಜಾದಲ್ಲಿ ನೀನು ತಕ್ಕೊಂಡ ಹಳೇ ನಿಸ್ಸಾನ್ 300ಝಡ್‌ಎಕ್ಸ್ ಟ್ವಿನ್ ಟರ್ಬೋಗೆ ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್ ಕೂರಿಸುವುದು ಹೇಗೆ ಎಂದು ಕೇಳಿದ್ದಿ. ಪೆಟ್ಟಿಗೆ ಬಂದಾಗಿದೆ, ಶುಕ್ರವಾರ ರಜೆ, ಗೆಳೆಯನ ಗ್ಯಾರೇಜು ಖಾಲಿ ಎಂದೂ ಹೇಳಿದ್ದಿ. ಈ ಶುಕ್ರವಾರ ಸ್ಪ್ಯಾನರ್ ಹಿಡಿಯಬೇಡ. ಇದನ್ನು ಪೂರ್ತಿ ಓದು, ನಾನು ಹೇಳಿದ ತಪಾಸಣೆಗಳನ್ನು ಮುಗಿಸು, ಆಮೇಲೆ ಶುರು ಮಾಡು.

ಹಂಗಾರಕಟ್ಟೆಯಲ್ಲಿ ಬೋಟಿನ ಡೀಸೆಲ್ ಇಂಜಿನ್ ಬಿಚ್ಚುತ್ತಾ ಟರ್ಬೋ ಕಲಿತವನು ನಾನು. ಆಮೇಲೆ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ವರ್ಷಗಟ್ಟಲೆ ಇಂಥವೇ ಜಪಾನಿ ಕಾರುಗಳ ಕೆಳಗೆ ಮಲಗಿದ್ದೇನೆ. ಈಗ ಬ್ರಹ್ಮಾವರದಲ್ಲಿ ಕೂತು ಬರೆಯುವಾಗಲೂ ಆ ಇಂಜಿನ್ ಕಣ್ಣೆದುರೇ ಇದೆ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪೆಟ್ಟಿಗೆ ಕೂರಿಸಿದ ದಿನದಿಂದ ಇಂಜಿನ್ ಕಾಯುವ ಕೆಲಸ ಕಂಪನಿಯ ಕಂಪ್ಯೂಟರಿನ ಕೈಯಿಂದ ನಿನ್ನ ಕೈಗೆ ಬರುತ್ತದೆ. ಉಳಿದದ್ದೆಲ್ಲ ಆ ಕಾವಲಿನ ವಿಚಾರ.

• ಕಂಟ್ರೋಲರ್ ಏನು ಮಾಡುತ್ತದೆ ಎಂಬುದು ತಲೆಯಲ್ಲಿ ಸ್ಪಷ್ಟ ಇರಲಿ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಟರ್ಬೈನ್ ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಆ ಒತ್ತಡವೇ ಬೂಸ್ಟ್. ಅದು ಮಿತಿ ಮೀರದ ಹಾಗೆ ಹೊಗೆಯ ಒಂದು ಪಾಲನ್ನು ಟರ್ಬೈನಿಗೆ ತಾಗಿಸದೆ ಬದಿಯಿಂದ ಬಿಡುವ ಬಾಗಿಲೇ ವೇಸ್ಟ್‌ಗೇಟ್. ನಮ್ಮ ಹೊಳೆಗಳ ಕಿಂಡಿ ಅಣೆಕಟ್ಟಿನಲ್ಲಿ ಹಲಗೆ ಎತ್ತಿದರೆ ನೀರು ಇಳಿಯುವ ಹಾಗೆ, ಈ ಬಾಗಿಲು ತೆರೆದರೆ ಬೂಸ್ಟ್ ಇಳಿಯುತ್ತದೆ. ಬಾಗಿಲನ್ನು ಮುಚ್ಚಿ ಹಿಡಿಯುವುದು ಆ್ಯಕ್ಚುಯೇಟರ್ ಒಳಗಿನ ಸ್ಪ್ರಿಂಗ್. ಅದನ್ನು ತೆರೆಯುವುದು ಸಣ್ಣ ಹೋಸಿನಲ್ಲಿ ಬರುವ ಬೂಸ್ಟ್ ಗಾಳಿಯೇ. ನಿನ್ನ ಕಂಟ್ರೋಲರಿನ ಸೊಲೆನಾಯ್ಡ್ ಆ ಹೋಸಿನ ನಡುವೆ ಕೂತು, ಒಂದು ಸೆಕೆಂಡಿಗೆ ಹತ್ತಾರು ಸಲ ತೆರೆದು ಮುಚ್ಚಿ, ಆ್ಯಕ್ಚುಯೇಟರಿಗೆ ಹೋಗುವ ಗಾಳಿಯಲ್ಲಿ ಒಂದಿಷ್ಟನ್ನು ಹೊರಗೆ ಬಿಡುತ್ತದೆ. ಬೂಸ್ಟ್ ಇನ್ನೂ ಕಡಿಮೆ ಇದೆ ಎಂದು ಸ್ಪ್ರಿಂಗಿಗೆ ಅನ್ನಿಸುತ್ತದೆ, ಬಾಗಿಲು ತಡವಾಗಿ ತೆರೆಯುತ್ತದೆ. ಇಷ್ಟೇ ಅದರ ಕೆಲಸ. ಹೆಚ್ಚು ಗಾಳಿಗೆ ತಕ್ಕ ಪೆಟ್ರೋಲು, ತಕ್ಕ ಕಿಡಿ, ತಕ್ಕ ತಂಪು ಅದು ತಂದುಕೊಡುವುದಿಲ್ಲ.

• ಸ್ಪ್ರಿಂಗ್ ಎಷ್ಟಕ್ಕೆ ಇದೆಯೋ ಅದಕ್ಕಿಂತ ಕೆಳಗೆ ಯಾವ ಕಂಟ್ರೋಲರೂ ಬೂಸ್ಟ್ ಇಳಿಸಲಾರದು. ಅದೇ ನಿನ್ನ ನೆಲ.

• ನಿನ್ನ ಕಾರಿನಲ್ಲಿ ಕಂಪನಿಯೇ ಬೂಸ್ಟಿಗೆ ಸೊಲೆನಾಯ್ಡ್‌ಗಳನ್ನು ಇಟ್ಟಿದೆ. ಇಂಜಿನ್‌ನಲ್ಲಿ ನಾಕ್, ಅಂದರೆ ಪೆಟ್ರೋಲು ತಾನಾಗಿ ಸಿಡಿಯುವುದು, ಕಂಡರೆ ಇಸಿಯು (ಕಂಪನಿಯ ಕಂಪ್ಯೂಟರು) ಅವನ್ನು ಬಿಟ್ಟುಬಿಡುತ್ತದೆ, ಬೂಸ್ಟ್ ಸ್ಪ್ರಿಂಗಿನ ಮಟ್ಟಕ್ಕೆ ಬೀಳುತ್ತದೆ, ಪಿಸ್ಟನ್ ಉಳಿಯುತ್ತದೆ. ಹೊರಗಿನ ಕಂಟ್ರೋಲರ್ ಹಾಕುವಾಗ ಹೋಸುಗಳು ಆ ಸೊಲೆನಾಯ್ಡ್‌ಗಳನ್ನು ದಾಟಿ ಹೋಗುತ್ತವೆ. ಅಲ್ಲಿಗೆ ನಾಕ್ ಬಂದರೂ ಬೂಸ್ಟ್ ಇಳಿಸುವ ಅಧಿಕಾರ ಇಸಿಯುಗೆ ಇಲ್ಲ. ಕಿಡಿಯ ಟೈಮಿಂಗ್ ಹಿಂದೆ ಎಳೆಯುವುದಷ್ಟೇ ಅದರ ಕೈಯಲ್ಲಿ ಉಳಿಯುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ಕೂರಿಸುವವರಲ್ಲೂ ಬಹಳ ಜನ ಹೇಳುವುದಿಲ್ಲ. ನಾನು ಇಷ್ಟುದ್ದ ಬರೆಯಲು ಕಾರಣವೇ ಇದು.

• ಲೆಕ್ಕದ ಮಾನ ತಪ್ಪಬೇಡ. ಜಪಾನಿನ ಹಳೇ ಕಂಟ್ರೋಲರುಗಳು ಕೆಜಿ ಪ್ರತಿ ಚದರ ಸೆಂಟಿಮೀಟರಿನಲ್ಲೋ ಕಿಲೋಪಾಸ್ಕಲಿನಲ್ಲೋ ತೋರಿಸುತ್ತವೆ, ಅಮೆರಿಕದವು ಪಿಎಸ್‌ಐಯಲ್ಲಿ, ಯುರೋಪಿನವು ಬಾರ್‌ನಲ್ಲಿ. ಒಂದು ಬಾರ್ ಎಂದರೆ 14.5 ಪಿಎಸ್‌ಐ, 100 ಕಿಲೋಪಾಸ್ಕಲ್. 0.9 ಎಂದು ಕಂಡದ್ದನ್ನು 9 ಪಿಎಸ್‌ಐ ಎಂದುಕೊಂಡರೆ ನೀನು ಕೊಡುತ್ತಿರುವುದು 13. ಒಂದೇ ಮಾನ ಹಿಡಿ, ಅದರಲ್ಲೇ ಬರೆದಿಡು.

• ಇಂಜಿನ್ನಿನ ಆರೋಗ್ಯ ಮೊದಲು. ಆ ಮಾದರಿ 1989ರಲ್ಲಿ ಬಂದದ್ದು. ನಿನ್ನದು ಎಷ್ಟು ಕೈ ಬದಲಾಯಿಸಿದೆಯೋ, ಯಾರು ಹೇಗೆ ಓಡಿಸಿದ್ದಾರೋ ನಿನಗೆ ಗೊತ್ತಿಲ್ಲ. ಇಂಜಿನ್ ಬಿಸಿ ಮಾಡಿ, ಆರೂ ಪ್ಲಗ್ ತೆಗೆದು, ಇಂಧನವನ್ನೂ ಕಿಡಿಯನ್ನೂ ಕಟ್ಟು ಮಾಡಿ, ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಶನ್ ನೋಡು. ಆರು ಅಂಕಿಗಳಲ್ಲಿ ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಪೆಟ್ಟಿಗೆಯನ್ನು ಕಪಾಟಿನಲ್ಲೇ ಇಡು. ಆ ಹಣ ಇಂಜಿನ್ನಿಗೆ ಹೋಗಲಿ.

ಕಂಪ್ರೆಶನ್ ಸರಿ ಇದ್ದರೆ ಗಾಳಿ ಸೋರಿಕೆ ಹುಡುಕು. ಟರ್ಬೋದ ಗಾಳಿ ಬಾಯಿಗೆ ಮುಚ್ಚಳ ಕಟ್ಟಿ, ಕಂಪ್ರೆಸರಿನಿಂದ 0.7 ಬಾರ್‌ನಷ್ಟು ಗಾಳಿ ಕೊಟ್ಟು, ಸೋಪಿನ ನೀರನ್ನು ಪ್ರತಿಯೊಂದು ಜೋಡಣೆಗೂ ಸಿಂಪಡಿಸು. ಎರಡು ಟರ್ಬೋ, ಎರಡು ಇಂಟರ್‌ಕೂಲರ್ ಇರುವ ಕಾರು ಅದು, ಜೋಡಣೆಗಳೂ ದುಪ್ಪಟ್ಟು. ಮೂವತ್ತು ವರ್ಷದ ರಬ್ಬರು ಅಲ್ಲಿನ ಬಿಸಿಗೆ ಬೆಂದು ಬಿಸ್ಕತ್ತಿನ ಹಾಗೆ ಆಗಿರುತ್ತದೆ. ಗುಳ್ಳೆ ಬಂದ ಕಡೆ ಹೊಸ ಹೋಸು, ಹೊಸ ಕ್ಲಿಪ್ಪು. ಸೋರುವ ಪೈಪಿನ ಮೇಲೆ ಬೂಸ್ಟ್ ಏರಿಸಿದರೆ ಟರ್ಬೋ ಸುಮ್ಮನೆ ಹೆಚ್ಚು ತಿರುಗಿ ಬಿಸಿ ಗಾಳಿ ಕೊಡುತ್ತದೆ. ಇಸಿಯು ಅಳೆದ ಗಾಳಿ ಒಂದು, ಒಳಗೆ ಹೋದ ಗಾಳಿ ಇನ್ನೊಂದು ಆಗಿ ಪೆಟ್ರೋಲಿನ ಲೆಕ್ಕವೂ ಕೆಡುತ್ತದೆ.

• ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂಬ ದಾಖಲೆ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿ. ಆ ಇಂಜಿನ್‌ನಲ್ಲಿ ಬೆಲ್ಟ್ ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ.

• ಇಂಜೆಕ್ಟರುಗಳ ತಲೆಯ ಪ್ಲಾಸ್ಟಿಕ್ ಕನೆಕ್ಟರುಗಳನ್ನು ಒಂದೊಂದಾಗಿ ತೆಗೆದು ಕಾಣು. ಈ ಮಾದರಿಯ ಹಳೇ ರೋಗ ಅದು: ಒಳಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿದು, ಒಂದು ಸಿಲಿಂಡರಿಗೆ ಪೆಟ್ರೋಲು ಒಮ್ಮೆ ಸಿಕ್ಕಿ ಒಮ್ಮೆ ಸಿಗದ ಹಾಗೆ ಆಗುತ್ತದೆ. ಸಾಮಾನ್ಯ ಬೂಸ್ಟಿನಲ್ಲಿ ಅದು ಬರೀ ಮಿಸ್ಸಿಂಗ್. ಹೆಚ್ಚಿನ ಬೂಸ್ಟಿನಲ್ಲಿ ಅದೇ ಸಿಲಿಂಡರಿನ ಪಿಸ್ಟನ್ ತೂತಾಗುತ್ತದೆ. ಕಿಲುಬು ಕಂಡರೆ ತಿಕ್ಕಿ ಮತ್ತೆ ಹಾಕಬೇಡ, ಆರನ್ನೂ ಹೊಸತು ಮಾಡು.

• ಬಿಸಿಯ ಲೆಕ್ಕ ನಿನ್ನ ಊರಿನಲ್ಲಿ ಬೇರೆಯೇ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆಲ್ಲ ಗೊತ್ತು. ಜುಲೈ ತಿಂಗಳ 45 ಡಿಗ್ರಿಯ ಗಾಳಿಯನ್ನು 0.7 ಬಾರ್‌ಗೆ ಒತ್ತಿದರೆ, ಕಂಪ್ರೆಸರ್ ನೂರಕ್ಕೆ ಎಪ್ಪತ್ತು ಪಾಲು ಚೆನ್ನಾಗಿ ಕೆಲಸ ಮಾಡಿದರೂ, ಹೊರಬರುವ ಗಾಳಿ 120 ಡಿಗ್ರಿಯ ಹತ್ತಿರ ಇರುತ್ತದೆ. ಒಂದು ಬಾರ್‌ಗೆ ಒತ್ತಿದರೆ 145ರ ಹತ್ತಿರ. ಆ ಕಾರಿನ ಟರ್ಬೋಗಳು ಸಣ್ಣವು, ಒಂದು ಬಾರ್ ದಾಟಿಸಿದರೆ ಅವುಗಳ ಕೆಲಸ ಎಪ್ಪತ್ತಕ್ಕಿಂತಲೂ ಕೆಳಗೆ ಬೀಳುತ್ತದೆ, ಬಿಸಿ ಇನ್ನೂ ಏರುತ್ತದೆ. ಬಂಪರಿನ ಎರಡು ಬದಿಯ ಸಣ್ಣ ಇಂಟರ್‌ಕೂಲರುಗಳು ಅದನ್ನೆಲ್ಲ ಇಳಿಸಬೇಕು, ಅವಕ್ಕೆ ಬೀಸುವ ಗಾಳಿಯೇ 45 ಡಿಗ್ರಿಯದ್ದು. ಜನವರಿ ರಾತ್ರಿ ಸರಿಹೋದ ಸೆಟ್ಟಿಂಗು ಜುಲೈ ಮಧ್ಯಾಹ್ನಕ್ಕೆ ಸರಿ ಎಂದು ನಂಬಬೇಡ. ಇಂಟರ್‌ಕೂಲರಿನ ರೆಕ್ಕೆಗಳ ಸಂದಿಗೆ ಮರಳು, ಕೀಟ ತುಂಬಿರುತ್ತದೆ. ಬಿಚ್ಚಿ, ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆ. ಖರ್ಚಿಲ್ಲದ ಕೆಲಸ, ಕಂಟ್ರೋಲರಿಗಿಂತ ಮೊದಲು ಆಗಬೇಕಾದ್ದು.

• ಪೆಟ್ರೋಲು 98 ಸೂಪರ್ ಮಾತ್ರ. 95 ಹಾಕಿ ಬೂಸ್ಟ್ ಏರಿಸಬೇಡ. ಒಂದು ಸಲ 95 ಹಾಕಲೇಬೇಕಾಗಿ ಬಂದರೆ ಕಂಟ್ರೋಲರನ್ನು ಆಫ್ ಮಾಡಿ ಸ್ಪ್ರಿಂಗಿನ ಬೂಸ್ಟಿನಲ್ಲೇ ಓಡಿಸು.

• ಇಂಜೆಕ್ಟರಿನ ಶಕ್ತಿಗೂ ಮಿತಿ ಇದೆ. ಕಂಪನಿಯ ಇಂಜೆಕ್ಟರು ನಿಮಿಷಕ್ಕೆ 370 ಸಿಸಿ ಕೊಡುವಂಥದ್ದು. ಆರು ಸೇರಿ 2,220 ಸಿಸಿ. ಅದರಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಬಳಸಬಾರದು. ಟರ್ಬೋ ಇಂಜಿನ್ ಕುಡಿಯುವ ಲೆಕ್ಕಕ್ಕೆ ಹೊಂದಿಸಿದರೆ ಅದು ಮುನ್ನೂರರಿಂದ ಮುನ್ನೂರ ಮೂವತ್ತು ಕುದುರೆಶಕ್ತಿಗೆ ಸಾಕಾಗುತ್ತದೆ. ಅಮೆರಿಕಕ್ಕೆ ಮಾಡಿದ ಕಾರು ಹುಟ್ಟುವಾಗಲೇ 300 ಕುದುರೆಶಕ್ತಿಯದ್ದು. ಮಿಗತೆ ಎಷ್ಟು ಕಡಿಮೆ ಎಂದು ನೀನೇ ಕಾಣು. ಪಂಪು ಹಳತಾಗಿ ಒತ್ತಡ ಕುಗ್ಗಿದ್ದರೆ ಆ ಮಿಗತೆಯೂ ಇಲ್ಲ, ಅದಕ್ಕೇ ಫ್ಯೂಯಲ್ ಪ್ರೆಶರ್ ಗೇಜ್ ಕಟ್ಟಿ ಒಮ್ಮೆ ನೋಡಿಕೋ.

• ಪೆಟ್ಟಿಗೆ ಅಸಲಿಯೋ ಅಲ್ಲವೋ ಖಾತ್ರಿ ಮಾಡು. ಎಚ್‌ಕೆಎಸ್, ಗ್ರೆಡ್ಡಿ, ಬ್ಲಿಟ್ಜ್, ಟರ್ಬೋಸ್ಮಾರ್ಟ್ ಇವೆಲ್ಲ ಹೆಸರು ಮಾಡಿದವು, ಹೆಸರು ಮಾಡಿದ್ದಕ್ಕೆಲ್ಲ ನಕಲಿಯೂ ಇದೆ. ಕೈಪಿಡಿ ಇಲ್ಲದ, ಸೆನ್ಸರ್ ಇಲ್ಲದ, ಪೆಟ್ಟಿಗೆಯ ಅಕ್ಷರ ತಪ್ಪಿರುವ ಮಾಲು ಎಷ್ಟು ಅಗ್ಗವಾದರೂ ಬೇಡ.

• ಈಗ ಕೂರಿಸುವ ಕೆಲಸ. ಸೊಲೆನಾಯ್ಡಿಗೆ ಟರ್ಬೋದ ಬಿಸಿ ತಾಗದ, ನೀರು ಎರಚದ, ಆದರೆ ಆ್ಯಕ್ಚುಯೇಟರುಗಳಿಗೆ ಆದಷ್ಟು ಹತ್ತಿರದ ಜಾಗ ಹುಡುಕು. ಆ ಕಾರಿನ ಬಾನೆಟ್ ಒಳಗೆ ಕೈ ಆಡಿಸಲು ಜಾಗವಿಲ್ಲ, ಗೊತ್ತು. ಆದರೂ ಹೋಸು ಉದ್ದವಾದಷ್ಟೂ ಬೂಸ್ಟ್ ಏರಿಳಿತ ಹೆಚ್ಚು. ಲೋಹಕ್ಕೆ ನೇರ ಬಿಗಿಯದೆ ಮಧ್ಯೆ ರಬ್ಬರ್ ಕೊಟ್ಟು ಬಿಗಿ. ಗಾಳಿ ಹೊರಬಿಡುವ ಬಾಯಿಗೆ ಸಣ್ಣ ಫಿಲ್ಟರ್ ಇರಲೇಬೇಕು, ಅಲ್ಲಿನ ನುಣ್ಣನೆ ಮರಳು ಒಳಗೆ ಹೋದರೆ ವಾಲ್ವು ಅರ್ಧ ತೆರೆದೇ ಸಿಕ್ಕಿಕೊಳ್ಳುತ್ತದೆ.

• ಹೋಸು ಕೂರಿಸುವ ಮೊದಲು ಸೊಲೆನಾಯ್ಡನ್ನು ಕೈಯಲ್ಲಿ ಹಿಡಿದು ಬಾಯಿಂದ ಊದಿ ನೋಡು. ಕರೆಂಟು ಕೊಡದೆ, ಟರ್ಬೋ ಕಡೆಯ ಬಾಯಿಯಲ್ಲಿ ಊದಿದರೆ ಗಾಳಿ ಆ್ಯಕ್ಚುಯೇಟರ್ ಕಡೆಗೆ ಹೋಗಬೇಕು. ಬೇರೆ ಬಾಯಿಯಿಂದ ಬಂದರೆ ಜೋಡಣೆ ತಿರುಗಾಮುರುಗಾ ಆಗುತ್ತದೆ. ಇದು ಯಾಕೆ ಅಷ್ಟು ಮುಖ್ಯ ಎಂದರೆ, ನಾಳೆ ಫ್ಯೂಸ್ ಹೋಗಬಹುದು, ವಯರು ಕಳಚಬಹುದು, ಕಂಟ್ರೋಲರೇ ಸಾಯಬಹುದು. ಆಗ ಗಾಳಿ ತಾನಾಗಿ ಆ್ಯಕ್ಚುಯೇಟರಿಗೆ ಹೋಗಿ ಬಾಗಿಲು ತೆರೆಯಬೇಕು, ಬೂಸ್ಟ್ ಸ್ಪ್ರಿಂಗಿನ ಮಟ್ಟಕ್ಕೆ ಬೀಳಬೇಕು. ತಿರುಗಾಮುರುಗಾ ಆಗಿದ್ದರೆ ಕರೆಂಟು ಹೋದ ಕ್ಷಣ ಬಾಗಿಲು ಮುಚ್ಚಿಯೇ ಉಳಿದು ಬೂಸ್ಟಿಗೆ ಮಿತಿಯೇ ಇಲ್ಲ. ಬಾಯಿಗಳ ನಂಬರು ಒಂದೊಂದು ಕಂಪನಿಗೆ ಒಂದೊಂದು ತರ. ಕೈಪಿಡಿಯ ಚಿತ್ರ ನೋಡು, ಚಿತ್ರ ನೋಡಿದ ಮೇಲೂ ಊದು.

• ಎರಡು ಟರ್ಬೋ, ಎರಡು ವೇಸ್ಟ್‌ಗೇಟ್, ಎರಡು ಆ್ಯಕ್ಚುಯೇಟರ್. ಒಂದೇ ಸೊಲೆನಾಯ್ಡಿನಿಂದ ಎರಡಕ್ಕೂ ಕೊಡುವಾಗ ಟಿ ಜೋಡಣೆಯಿಂದ ಎಡಕ್ಕೂ ಬಲಕ್ಕೂ ಹೋಗುವ ಹೋಸು ಒಂದೇ ಉದ್ದ, ಒಂದೇ ಒಳಗಾತ್ರ ಇರಬೇಕು. ಎಡದ್ದು ಗಿಡ್ಡ, ಬಲದ್ದು ಉದ್ದ ಎಂದಾದರೆ ಒಂದು ಬಾಗಿಲು ಮೊದಲು ತೆರೆಯುತ್ತದೆ, ಇನ್ನೊಂದು ಬದಿಯ ಟರ್ಬೋ ಎರಡರ ಹೊರೆಯನ್ನೂ ಹೊರುತ್ತದೆ. ಗೇಜಿನಲ್ಲಿ ಇದು ಕಾಣುವುದೇ ಇಲ್ಲ, ಮುಂದೆ ಎರಡೂ ಬದಿ ಒಂದಾಗಿ ಬೆರೆತ ಒತ್ತಡವನ್ನಷ್ಟೇ ಅದು ತೋರಿಸುತ್ತದೆ. ಎರಡೂ ಆ್ಯಕ್ಚುಯೇಟರುಗಳಿಗೆ ಕೈಪಂಪಿನಿಂದ ಗಾಳಿ ಕೊಟ್ಟು, ಕಡ್ಡಿ ಎಷ್ಟು ಒತ್ತಡಕ್ಕೆ ಅಲ್ಲಾಡಲು ಶುರುವಾಗುತ್ತದೆ ಎಂದು ಎರಡನ್ನೂ ಹೋಲಿಸು. ಮಳೆಗಾಲದಲ್ಲಿ ನಿಂತ ಗೇಟಿನ ಬಿಜಾಗರಿಯಂತೆ ಒಂದು ಬಿಗಿಯಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸು.

• ಕಂಟ್ರೋಲರಿನ ಪ್ರೆಶರ್ ಸೆನ್ಸರಿಗೆ ಗಾಳಿ ಥ್ರಾಟಲ್ ಆದ ಮೇಲಿನ ಮ್ಯಾನಿಫೋಲ್ಡಿನಿಂದ ತೆಗೆ. ಆ್ಯಕ್ಚುಯೇಟರಿಗೆ ಹೋಗುವ ಗಾಳಿ ಟರ್ಬೋದ ಬಾಯಿಯಿಂದ. ಇವೆರಡನ್ನು ಅದಲುಬದಲು ಮಾಡಬೇಡ. ಫ್ಯೂಯಲ್ ಪ್ರೆಶರ್ ರೆಗ್ಯುಲೇಟರಿನ ಹೋಸಿಗೆ ಟಿ ಹಾಕುವುದು ಬೇಡವೇ ಬೇಡ, ಆ ಟಿ ಸೋರಿದ ದಿನ ಪೆಟ್ರೋಲಿನ ಒತ್ತಡವೂ ಬೀಳುತ್ತದೆ.

• ವಯರಿಂಗ್: ಕರೆಂಟು ಕೀ ಆನ್ ಆದಾಗ ಮಾತ್ರ ಬರುವ ಲೈನಿನಿಂದ, ಫ್ಯೂಸ್ ಇಟ್ಟು. ಅರ್ತು ಬಾಡಿಗೆ, ಪೇಂಟು ಕೆರೆದು, ಬೋಲ್ಟು ಬಿಗಿದು. ಇಂಜಿನ್ ಕಡೆಯಿಂದ ಒಳಗೆ ತರುವಾಗ ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ ಹಾಕು. ಆರ್‌ಪಿಎಂ, ಥ್ರಾಟಲ್ ಸಿಗ್ನಲ್ ತೆಗೆಯುವುದಾದರೆ ಇಸಿಯು ಹತ್ತಿರ, ಯಾವ ಬಣ್ಣದ ವಯರು ಎಂದು ಸರ್ವಿಸ್ ಮ್ಯಾನ್ಯುಯಲ್ ನೋಡಿ, ಬೆಸುಗೆ ಹಾಕಿ, ಅಂಟಿರುವ ಹೀಟ್ ಶ್ರಿಂಕಿನಿಂದ ಮುಚ್ಚು. ವಯರನ್ನು ಚುಚ್ಚಿ ಹಿಡಿಯುವ ನೀಲಿ ಕ್ಲಿಪ್ಪು ನಮ್ಮಂಥ ಉಪ್ಪುಗಾಳಿಯ ಕರಾವಳಿಯಲ್ಲಿ ಒಂದು ಮಳೆಗಾಲ ತಡೆಯುವುದಿಲ್ಲ, ಶಾರ್ಜಾವೂ ಸಮುದ್ರದ ಬದಿಯೇ.

• ಕಂಪನಿಯ ಹಳೇ ಸೊಲೆನಾಯ್ಡ್‌ಗಳ ಹೋಸು ತೆಗೆದರೂ ವಯರಿನ ಪ್ಲಗ್ ಅಲ್ಲೇ ಇರಲಿ.  ಹಳೇ ಹೋಸುಗಳನ್ನೂ ಎಸೆಯಬೇಡ, ಗುರುತು ಕಟ್ಟಿ ಇಡು. ಒಂದು ದಿನ ಮೊದಲಿನ ಹಾಗೆ ಮಾಡಬೇಕಾಗಿ ಬರಬಹುದು.

• ನಿನ್ನ ರೂಮಿನ ಗೆಳೆಯನ ಸುಪ್ರಾಕ್ಕೆ ಈ ಜೋಡಣೆ ಹೊಂದುವುದಿಲ್ಲ. ಅದರಲ್ಲಿ ಎರಡು ಟರ್ಬೋ ಒಂದರ ಹಿಂದೆ ಒಂದು ಕೆಲಸಕ್ಕೆ ಬರುತ್ತವೆ: ಕಡಿಮೆ ಆರ್‌ಪಿಎಂಗೆ ಒಂದೇ, ನಾಲ್ಕು ಸಾವಿರದ ಹತ್ತಿರ ಎರಡನೆಯದು ಸೇರುತ್ತದೆ. ಆ ಹಸ್ತಾಂತರಕ್ಕೆ ಬೇರೆಯೇ ವಾಲ್ವುಗಳಿವೆ. ಅವನು ಅದನ್ನು ಬಲ್ಲವರ ಹತ್ತಿರವೇ ಹೋಗಲಿ.

• ಸೆಟ್ಟಿಂಗು. ಸೊಲೆನಾಯ್ಡ್ ಎಷ್ಟು ಪಾಲು ಹೊತ್ತು ಗಾಳಿ ಹೊರಬಿಡುತ್ತದೆ ಎಂಬ ಅಂಕಿಯೇ ಡ್ಯೂಟಿ. ಮೊದಲ ಓಟ ಡ್ಯೂಟಿ ಸೊನ್ನೆಯಲ್ಲಿ. ಸ್ಪ್ರಿಂಗಿನ ಬೂಸ್ಟ್ ಎಷ್ಟು ಬರುತ್ತದೆ ಎಂದು ಬರೆದಿಡು. ಈ ಮಾದರಿಗೆ ಅದು ಅರ್ಧ ಬಾರ್ ಆಸುಪಾಸು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಹೋಸು ಎಲ್ಲೋ ಮಡಚಿದೆ, ಇಲ್ಲವೇ ಹಿಂದೆ ಯಾರೋ ಆ್ಯಕ್ಚುಯೇಟರ್ ಕಡ್ಡಿ ಬಿಗಿದಿದ್ದಾರೆ. ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕು.

ಸರಿ ಇದ್ದರೆ ಓವರ್‌ಬೂಸ್ಟ್ ಮಿತಿಯನ್ನು ಮೊದಲು ಹಾಕು, ನೀನು ಗುರಿ ಇಟ್ಟದ್ದಕ್ಕಿಂತ 0.1 ಬಾರ್ ಮೇಲಕ್ಕೆ. ಆಮೇಲೆ ಡ್ಯೂಟಿಯನ್ನು ಐದೈದು ಅಂಕಿ ಏರಿಸು. ಪ್ರತಿ ಸಲ ಮೂರನೇ ಗೇರಿನಲ್ಲಿ ಕೆಳಗಿನ ಆರ್‌ಪಿಎಂನಿಂದ ಪೂರ್ತಿ ಎಕ್ಸಲೇಟರ್ ಕೊಟ್ಟು ಮೇಲಿನವರೆಗೆ ಒಂದು ಓಟ. ಒಂದನೇ ಗೇರಿನಲ್ಲಿ ನೋಡಿದರೆ ಇಂಜಿನ್ನಿಗೆ ಹೊರೆಯೇ ಬೀಳುವುದಿಲ್ಲ, ಗೇಜು ಕಡಿಮೆ ತೋರಿಸುತ್ತದೆ. ಆ ಅಂಕಿ ನಂಬಿ ಏರಿಸಿದವರಿಗೆ ನಾಲ್ಕನೇ ಗೇರಿನಲ್ಲಿ ಬೂಸ್ಟ್ ಹಾರುತ್ತದೆ. ಎರಡು ಓಟದ ನಡುವೆ ಕಾರು ತಣಿಯಲು ಬಿಡು, ಬಿಸಿಯಾದ ಇಂಟರ್‌ಕೂಲರಿನಲ್ಲಿ ತೆಗೆದ ಅಂಕಿ ಸುಳ್ಳು.

ಗೇನ್ ಎಂಬ ಇನ್ನೊಂದು ತಿರುಗಣೆ ಇರುತ್ತದೆ. ಬೂಸ್ಟ್ ಎಷ್ಟು ಬೇಗ ಏರಬೇಕು, ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎಂಬುದು ಅದರ ಕೈಯಲ್ಲಿ. ಅದನ್ನು ಕೊನೆಗೆ ಮುಟ್ಟು. ಹೆಚ್ಚಾದರೆ ಮುಳ್ಳು ಗುರಿ ದಾಟಿ ಹಾರಿ ಆಮೇಲೆ ಇಳಿಯುತ್ತದೆ. ಆ ಒಂದು ಕ್ಷಣದ ಹಾರಾಟವೇ ಹೆಡ್ ಗ್ಯಾಸ್ಕೆಟ್ ಊದುವುದು. ಸ್ವಲ್ಪ ನಿಧಾನ ಏರಿದರೂ ಅಡ್ಡಿಯಿಲ್ಲ, ಗುರಿ ದಾಟಬಾರದು.

• ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಈ ಓಟಗಳನ್ನು ಮಾಡಬೇಡ. ಪೂರ್ತಿ ಬೂಸ್ಟಿನಲ್ಲಿ ಗಾಳಿ–ಪೆಟ್ರೋಲು ಅನುಪಾತ 11ರಿಂದ 11.5ರ ಒಳಗೆ ಇರಬೇಕು. 12 ದಾಟಿದ ಕ್ಷಣ ಕಾಲು ತೆಗೆ. ಕಿವಿಗೆ ಏನೂ ಕೇಳುವುದಿಲ್ಲ, ಕಾರು ಎಂದಿಗಿಂತ ಚೆನ್ನಾಗಿ ಎಳೆಯುತ್ತಿದೆ ಎಂದೇ ಅನ್ನಿಸುತ್ತದೆ. ಪೆಟ್ರೋಲು ಕಡಿಮೆಯಾದ ಇಂಜಿನ್ ಒಡೆಯುವ ಮೊದಲು ಹಾಗೇ ಎಳೆಯುತ್ತದೆ. ಕೈಲಾದರೆ ರಸ್ತೆಯ ಬದಲು ಡೈನೋ ಇರುವ ಕಡೆಗೆ ಒಯ್ದು, ಪಕ್ಕದಲ್ಲಿ ಅನುಭವಸ್ಥರನ್ನು ಇಟ್ಟುಕೊಂಡು ಮಾಡು. ದಿರ್ಹಮ್ ಖರ್ಚಾಗುತ್ತದೆ, ಆಗಲಿ.

• ಎಲ್ಲಿ ನಿಲ್ಲಿಸಬೇಕು ಎಂದರೆ, ಇಸಿಯು ಚಿಪ್ ಬದಲಿಸದೆ, ಇಂಜೆಕ್ಟರ್ ಬದಲಿಸದೆ 0.8 ಬಾರ್. ಅದಕ್ಕಿಂತ ಹೆಚ್ಚಿಸಿದವರನ್ನು ನೀನು ನೋಡಿರುತ್ತಿ, ಅವರು ತೋರಿಸಿಯೂ ಇರುತ್ತಾರೆ. ಅವರ ಇಂಜಿನ್ ಒಳಗೆ ಏನೇನು ಬದಲಾಗಿದೆ ಎಂದು ಕೇಳು. ಜುಲೈ, ಆಗಸ್ಟಿನಲ್ಲಿ 0.7ರಲ್ಲೇ ಇರಿಸು. ಕಂಟ್ರೋಲರಿನಲ್ಲಿ ಎರಡು ಸೆಟ್ಟಿಂಗು ಇಡಲು ಬರುತ್ತದೆ. ಮೊದಲನೆಯದು ಸ್ಪ್ರಿಂಗಿನ ಬೂಸ್ಟು, ದಿನನಿತ್ಯಕ್ಕೆ. ಕಾರು ಸ್ಟಾರ್ಟ್ ಆದಾಗ ಅದೇ ಬರುವ ಹಾಗೆ ಮಾಡು.

• ಜೆಬೆಲ್ ಜೈಸ್ ಏರಿಗೆ ಹೋಗುವ ಆಸೆ ಇದೆ ಎಂದಿದ್ದಿ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿ ತೆಳ್ಳಗಾಗುತ್ತದೆ. ನಮ್ಮ ಆಗುಂಬೆ ಘಾಟಿಯ ತುದಿಯಲ್ಲೇ ಸಮುದ್ರ ಮಟ್ಟಕ್ಕಿಂತ ನೂರಕ್ಕೆ ಏಳು ಪಾಲು ಕಡಿಮೆ. ಅದೇ ಬೂಸ್ಟ್ ತೋರಿಸಲು ಟರ್ಬೋ ಅಲ್ಲಿ ಹೆಚ್ಚು ತಿರುಗಬೇಕು. ಏರಿನಲ್ಲಿ ಒಂದನೇ ಸೆಟ್ಟಿಂಗೇ ಇರಲಿ.

• ಶಕ್ತಿ ಹೆಚ್ಚಿಸುವ ಮೊದಲು ಬ್ರೇಕು. ಡಿಸ್ಕು, ಪ್ಯಾಡು, ಬ್ರೇಕ್ ಆಯಿಲ್, ಟೈರಿನ ತಯಾರಿಕೆ ವರ್ಷ. ಅಲ್ಲಿನ ಬಿಸಿಲಿಗೆ ಟೈರು ಸವೆಯುವ ಮೊದಲೇ ಒಣಗಿ ಬಿರಿಯುತ್ತದೆ.

• ಕಾನೂನು. ಯುಎಇಯಲ್ಲಿ ಇಂಜಿನ್ ಮಾರ್ಪಾಡಿಗೆ ಅನುಮತಿ ಬೇಕು. ಅನುಮತಿ ಇಲ್ಲದೆ ಸಿಕ್ಕಿಬಿದ್ದರೆ ದಂಡದ ಜೊತೆ ಕಾರು ಜಪ್ತಿಯೂ ಆಗಬಹುದು. ಮುಲ್ಕಿಯಾ (ಗಾಡಿಯ ನೋಂದಣಿ ಕಾರ್ಡು) ನವೀಕರಣಕ್ಕೆ ಪಾಸಿಂಗಿಗೆ ಹೋಗುವ ಮೊದಲ ರಾತ್ರಿ ಹೋಸು ಬದಲಿಸಿ ಮರೆಮಾಚುವ ಉಪಾಯ ಯಾರಾದರೂ ಹೇಳಿಯಾರು, ಕೇಳಬೇಡ. ಮೊದಲು ವಿಚಾರಿಸಿ, ಕಾಗದ ಮಾಡಿಸಿ, ಇನ್ಶೂರೆನ್ಸಿನವರಿಗೂ ತಿಳಿಸು. ನಿನ್ನ ವೀಸಾದ ಮೇಲೆ ಒಂದು ಮನೆ ನಿಂತಿದೆ.

• ಓಡಿಸುವ ಆಸೆಗೆ ಜಾಗ ಇದೆ. ದುಬೈ ಆಟೋಡ್ರೋಮ್ 2004ರಿಂದ ಇದೆ, ಅಬುಧಾಬಿಯ ಯಾಸ್ ಮರೀನಾದಲ್ಲೂ ಸಾರ್ವಜನಿಕರಿಗೆ ದಿನಗಳಿವೆ. ರಾತ್ರಿ ಎಮಿರೇಟ್ಸ್ ರೋಡಿನಲ್ಲಿ ಬೇರೆಯವರ ಜೊತೆ ಪಂಥ ಕಟ್ಟಬೇಡ. ನಿನ್ನ ಅಮ್ಮನ ಪರವಾಗಿಯೂ ಹೇಳುತ್ತಿದ್ದೇನೆ.

• ಇನ್ನೊಂದು ಮಾತು ಊರಿನ ಬಗ್ಗೆ. ನಿನ್ನ ತಮ್ಮ ಇಲ್ಲಿ ಹೊಸ ಟರ್ಬೋ ಪೆಟ್ರೋಲ್ ಕಾರು ತಕ್ಕೊಂಡಿದ್ದಾನೆ, ನಿನ್ನದನ್ನು ಕಂಡು ಅವನಿಗೂ ಬೂಸ್ಟ್ ಕಂಟ್ರೋಲರ್ ಬೇಕಂತೆ. ಅವನಿಗೆ ನೀನೇ ತಿಳಿಸಿ ಹೇಳು. ಈಗಿನ ಕಾರುಗಳಲ್ಲಿ ಬೂಸ್ಟ್ ಪೂರ್ತಿ ಇಸಿಯು ಕೈಯಲ್ಲಿದೆ. ಅದಕ್ಕೆ ಎಷ್ಟು ಗಾಳಿ ಬರಬೇಕು ಎಂಬ ಲೆಕ್ಕ ಇದೆ, ಹೊರಗಿನಿಂದ ಹೆಚ್ಚು ಕೊಟ್ಟರೆ ತಕ್ಷಣ ಶಕ್ತಿ ಕಡಿದು ಲೈಟು ಹಾಕುತ್ತದೆ. ಅಂಥ ಕಾರಿಗೆ ಈ ಪೆಟ್ಟಿಗೆಯಿಂದ ಒಂದು ಕಾಸಿನ ಪ್ರಯೋಜನ ಇಲ್ಲ, ವಾರಂಟಿ ಮಾತ್ರ ಹೋಗುತ್ತದೆ.

ಇಲ್ಲಿನ ಕಾನೂನೂ ಅವನಿಗೆ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಬಂದಿದೆ. ಪೆಟ್ರೋಲೂ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತದ್ದು. ಬರೀ ಪೆಟ್ರೋಲು ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಸಾಕು ಎಂಬ ಲೆಕ್ಕ ಇದರಲ್ಲಿ ಹದಿಮೂರೂವರೆಗೆ ಇಳಿಯುತ್ತದೆ, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. 

ಮತ್ತೆ ಇಲ್ಲಿ ಓಡಿಸುವುದಾದರೂ ಎಲ್ಲಿ? ಹೆದ್ದಾರಿ 66 ನಾಲ್ಕು ಲೇನ್ ಆಗಿದೆ ನಿಜ. ನಮ್ಮ ಬ್ರಹ್ಮಾವರದ ಆಕಾಶವಾಣಿ ಸರ್ಕಲಿನಲ್ಲಿ ಶಾಲೆ ಬಿಟ್ಟ ಹೊತ್ತಿಗೆ ಬಂದು ನಿಂತು ನೋಡಲಿ, ಎಷ್ಟು ಮಕ್ಕಳು ಕೈ ಕೈ ಹಿಡಿದು ಆ ರಸ್ತೆ ದಾಟುತ್ತಾರೆ ಎಂದು. ಮಾಬುಕಳ ಸೇತುವೆ ಮೇಲೆ ಗಾಳ ಹಾಕುವವರು, ಸಾಸ್ತಾನದ ಹತ್ತಿರ ಎದುರಿನಿಂದ ಬರುವ ಸ್ಕೂಟರುಗಳು. ವೇಗ ನೋಡಲೇಬೇಕೆಂದರೆ ಕೊಯಮತ್ತೂರಿನ ಕರಿ ಟ್ರ್ಯಾಕು ಇದೆ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಇದೆ. ನಾನೇ ಜೊತೆಗೆ ಬರುತ್ತೇನೆ.

• ಕೂರಿಸಿದ ಮೇಲಿನ ನೋಡಿಕೊಳ್ಳುವಿಕೆ: ಆಯಿಲ್ 5,000 ಕಿಲೋಮೀಟರಿಗೆ, ಸಿಂಥೆಟಿಕ್. ಜೋರಾಗಿ ಓಡಿಸಿ ಬಂದರೆ ಕೊನೆಯ ಎರಡು ಮೂರು ಕಿಲೋಮೀಟರ್ ಮೆಲ್ಲ ಬಾ, ಆಮೇಲೆ ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು ಕೀ ತೆಗೆ. ಕೆಂಪಗೆ ಕಾದ ಟರ್ಬೋದ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗುತ್ತದೆ, ಆ ಕರಿಯೇ ಮುಂದೆ ಬೇರಿಂಗ್ ತಿನ್ನುವುದು. ಬೋಟಿನ ಇಂಜಿನ್ನಿಗೂ ಇದೇ ಕ್ರಮ. ದಡ ಮುಟ್ಟಿದ ಕೂಡಲೇ ಇಂಜಿನ್ ನಿಲ್ಲಿಸುವ ತಾಂಡೇಲನ (ಬೋಟು ನಡೆಸುವವನ) ಟರ್ಬೋ ಬೇಗ ನಮ್ಮ ಬೆಂಚಿಗೆ ಬರುತ್ತಿತ್ತು. ಮೊದಲ ವಾರ ದಿನಾ ಬಾನೆಟ್ ತೆಗೆದು ಹೋಸುಗಳ ಕ್ಲಿಪ್ಪು ಮುಟ್ಟಿ ನೋಡು.

• ಪ್ಲಗ್ಗುಗಳನ್ನು ಕಂಪನಿ ಹೇಳಿದ್ದಕ್ಕಿಂತ ಒಂದು ಹೆಜ್ಜೆ ತಂಪಿನದ್ದು ಹಾಕು, ಗ್ಯಾಪು 0.8 ಮಿಲಿಮೀಟರ್. ಹೆಚ್ಚಿನ ಒತ್ತಡದಲ್ಲಿ ಅಗಲ ಗ್ಯಾಪಿನ ಕಿಡಿ ಆರಿಹೋಗುತ್ತದೆ. 0.8 ಬಾರ್‌ನ ಕೊನೆಯ ಓಟ ಆದ ಕೂಡಲೇ ಕೀ ತೆಗೆದು, ಐಡಲಿಗೆ ಬಿಡದೆ (ಈ ಒಂದು ಸಲ ಮಾತ್ರ) ಕಾರು ಎಳೆದು ತಂದು, ತಣಿದ ಮೇಲೆ ಆರೂ ಪ್ಲಗ್ ಬಿಚ್ಚು. ಬಿಳಿ ಪೋರ್ಸಲಿನ್ ಮೇಲೆ ತಿಳಿ ಕಂದು ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಬಿಸಿ ಹೆಚ್ಚು, ಪೆಟ್ರೋಲು ಕಡಿಮೆ. ಸಾಸಿವೆಗಿಂತ ಸಣ್ಣ ಬೂದು ಮಿನುಗುವ ಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ, ನಾಕ್ ಆಗಿದೆ, ಆ ಸೆಟ್ಟಿಂಗಿನಲ್ಲಿ ಮತ್ತೆ ಒಂದು ಓಟವೂ ಬೇಡ. ಬಿಚ್ಚಿದ ಪ್ಲಗ್ಗುಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು, ಕೆಳಗೆ ಸಿಲಿಂಡರ್ ನಂಬರು, ಆ ದಿನದ ಹೊರಗಿನ ಬಿಸಿ, ಡ್ಯೂಟಿ, ಗೇನ್, ಗರಿಷ್ಠ ಬೂಸ್ಟು ಬರೆದು, ಬಿಸಿಲಿನ ಬೆಳಕಿನಲ್ಲಿ ಹತ್ತಿರದಿಂದ ಒಂದೊಂದರದ್ದೂ ಫೋಟೋ ತೆಗೆದು ನನಗೆ ಕಳಿಸು. ನಾನು ನೋಡಿ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಕಾರು ಒಂದನೇ ಸೆಟ್ಟಿಂಗಿನಲ್ಲೇ ಇರಲಿ.